ಸಂಬಾರದ ಪೆಟ್ಟಿಗೆಯೂ ಬೆಳಕಿನ ಎಲ್ಲೆಯೂ

ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲಿರುವ ಸಂಬಾರದ ಪೆಟ್ಟಿಗೆಯನ್ನು ಅರಿಯದವರು ಯಾರು? ಸಾಸಿವೆ, ಜೀರಿಗೆ, ಮೆಂತ್ಯ, ಕರಿಮೆಣಸು, ಅರಿಸಿನ, ಇಂಗು, ಒಣಮೆಣಸಿನಕಾಯಿ, ಪಕ್ಕದಲ್ಲಿಯೇ ಉಪ್ಪಿನ ಜಾಡಿ. ಇವು ದಿನಬೆಳಗಾದರೆ ನಮ್ಮ ಕೈಗೆ ತಾಗುವ, ಕಣ್ಣಿಗೆ ಬೀಳುವ ಪದಾರ್ಥಗಳು. ದಿನವೂ ಕಣ್ಣಿಗೆ ಬೀಳುವುದರಿಂದಲೇ ಇವನ್ನು ನಾವು ನೋಡುವುದನ್ನು ಮರೆತಿರುವೆವು. ಅಂಗಡಿಯಲ್ಲಿ ಕೊಳ್ಳುವಾಗ ಬಣ್ಣವನ್ನು ನೋಡುವೆವು, ಚಿಟಿಕೆ ತೆಗೆದು ಮೂಸುವೆವು, ಹೆಚ್ಚೆಂದರೆ ನಾಲಗೆಯ ತುದಿಗೆ ಇಟ್ಟುಕೊಳ್ಳುವೆವು. ಆ ಮೇಲೆ ಎಲ್ಲವೂ ನಂಬಿಕೆಯ ಮಾತು. ಮನೆಮಂದಿಯ ಹೊಟ್ಟೆಗೆ ಹೋಗುವ ವಸ್ತುವನ್ನು ಇಷ್ಟು ಸುಲಭವಾಗಿ ನಂಬುವುದು ತರವೇ, ನಂಬದೆ ಪರೀಕ್ಷಿಸುವುದಾದರೆ ಕಣ್ಣಿನ ಶಕ್ತಿ ಎಲ್ಲಿಯವರೆಗೆ ನಡೆಯುವುದು ಎಂಬ ವಿಚಾರವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಮ್ಮ ಮನಸ್ಸು.

ಸಂಬಾರ ಪದಾರ್ಥವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಮೊದಲಿಗರಲ್ಲಿ ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದ ಆಂಟನಿ ವಾನ್ ಲೇವನ್‌ಹುಕ್ ಎಂಬಾತನು ಪ್ರಸಿದ್ಧನು. ಈತನು ಪಂಡಿತನಲ್ಲ, ಬಟ್ಟೆಯ ವ್ಯಾಪಾರಿ. ಲ್ಯಾಟಿನ್ ಭಾಷೆಯನ್ನು ಬಲ್ಲವನೂ ಅಲ್ಲ. ಆದರೆ ಸಾಸಿವೆ ಕಾಳಿನಂತಹ ಸಣ್ಣ ಗಾಜಿನ ಮಸೂರಗಳನ್ನು ತನ್ನ ಕೈಯಿಂದಲೇ ಸಿದ್ಧಪಡಿಸಿ, ವಸ್ತುಗಳನ್ನು ಇನ್ನೂರು ಮುನ್ನೂರು ಪಾಲು ಹಿಗ್ಗಿಸಿ ನೋಡುವ ವಿದ್ಯೆಯನ್ನು ಸಾಧಿಸಿಕೊಂಡಿದ್ದನು. ಆ ಕಾಲದಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮಲಬಾರಿನ ಕರಾವಳಿಯಿಂದಲೂ ಜಾವಾ ಸುಮಾತ್ರಾ ದ್ವೀಪಗಳಿಂದಲೂ ಕರಿಮೆಣಸನ್ನು ಹೇರಿಕೊಂಡು ಹಾಲೆಂಡನ್ನು ಸೇರುತ್ತಿದ್ದವು. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಅದಕ್ಕೂ ಹಿಂದಿನ ಶತಮಾನದ ಸಂಗತಿ. ಇಷ್ಟು ದೂರದಿಂದ ಬಂದು ಇಷ್ಟು ಬೆಲೆಗೆ ಮಾರುವ ಈ ಕಾಳು ನಾಲಗೆಯನ್ನು ಚುರುಗುಟ್ಟಿಸುವುದೇಕೆ? ಲೇವನ್‌ಹುಕ್‌ನ ಊಹೆ ಬಹು ಸರಳವಾದುದು: ಮೆಣಸಿನ ಕಣಗಳಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳಿರಬೇಕು, ಅವು ನಾಲಗೆಯನ್ನು ಚುಚ್ಚುತ್ತಿರಬೇಕು.

ಮುಳ್ಳುಗಳನ್ನು ಹುಡುಕುವ ಸಲುವಾಗಿ ಆತನು ೧೬೭೬ರಲ್ಲಿ ಮೆಣಸನ್ನು ನೀರಿನಲ್ಲಿ ನೆನೆಯಿಟ್ಟು ಮೆತ್ತಗಾಗಿಸಿದನು. ಕೆಲವು ವಾರಗಳು ಕಳೆದು ಆ ನೀರಿನ ಹನಿಯನ್ನು ನೋಡಿದಾಗ ಮುಳ್ಳುಗಳು ಕಾಣಲಿಲ್ಲ. ಅದಕ್ಕೆ ಬದಲಾಗಿ ಲೆಕ್ಕವಿಲ್ಲದಷ್ಟು ಸಣ್ಣ ಜೀವಿಗಳು ಓಡಾಡುತ್ತಿರುವುದು ಕಂಡುಬಂದಿತು. ಆ ವರ್ಷದ ಅಕ್ಟೋಬರಿನಲ್ಲಿ ಆತನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ದೀರ್ಘ ಪತ್ರವನ್ನು ಅಲ್ಲಿನವರು ಒಡನೆಯೇ ನಂಬಲಿಲ್ಲ. ೧೬೭೭ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಎಂಬ ವಿದ್ವಾಂಸನು ತಾನೂ ಮೆಣಸಿನ ನೀರನ್ನು ಸಿದ್ಧಮಾಡಿ ಸಭೆಯ ಸದಸ್ಯರಿಗೆ ಅದೇ ಜೀವಿಗಳನ್ನು ತೋರಿಸಿದ ಬಳಿಕವೇ ಅವರ ಸಂಶಯ ತೀರಿದುದು. ಇಂದು ಬ್ಯಾಕ್ಟೀರಿಯಾ ಎಂದು ನಾವು ಕರೆಯುವ ಜೀವಿಗಳ ಮೊದಲ ದರ್ಶನ ಮನುಷ್ಯನಿಗಾದುದು ಹೀಗೆ, ಒಂದು ಹನಿ ಮೆಣಸಿನ ನೀರಿನಲ್ಲಿ. ಹೊಸ ಲೋಕವೊಂದು ದೊರೆಯಿತೇನೋ ನಿಜ. ಆದರೆ ಕೇಳಿದ ಪ್ರಶ್ನೆ ಹಾಗೆಯೇ ಉಳಿಯಿತು. ಮೆಣಸು ಏಕೆ ಖಾರವಾಗಿದೆ?

ಈ ಪ್ರಶ್ನೆಯನ್ನು ಜೊತೆಯಲ್ಲಿಟ್ಟುಕೊಂಡು ನಾವೂ ಈಚೆಗೆ ಒಂದು ಶಾಲೆಯ ಸೂಕ್ಷ್ಮದರ್ಶಕವನ್ನು ಎರಡು ದಿನದ ಮಟ್ಟಿಗೆ ಕೇಳಿ ತಂದು, ನಮ್ಮ ಮನೆಯ ಸಂಬಾರದ ಪೆಟ್ಟಿಗೆಯನ್ನು ಒಂದೊಂದಾಗಿ ಅದರ ಕೆಳಗೆ ಇಟ್ಟೆವು. ಮನೆಯ ಹುಡುಗರಿಗೆ ಹಬ್ಬವಾಯಿತು. ಅಳತೆಗೆ ಅನುಕೂಲವಾಗಲೆಂದು ಒಂದು ಮಾತನ್ನು ಮೊದಲೇ ಹೇಳಿಬಿಡುವೆವು. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪವು ಸಾಮಾನ್ಯವಾಗಿ ೫೦ರಿಂದ ೧೦೦ ಮೈಕ್ರಾನ್ ಇರುವುದು.

ಮೊದಲು ಉಪ್ಪು. ಸಾಣಿಕಟ್ಟೆಯಂತಹ ಉಪ್ಪಿನ ಗದ್ದೆಗಳಲ್ಲಿ ಬಿಸಿಲು ನಡೆಸುವ ಕೆಲಸವನ್ನೇ ಗಾಜಿನ ತುಂಡಿನ ಮೇಲೆ ಚಿಕ್ಕದಾಗಿ ನಡೆಸಬಹುದು. ಒಂದು ಹನಿ ಉಪ್ಪುನೀರನ್ನು ಗಾಜಿನ ಮೇಲಿಟ್ಟು ಅದು ಆರುತ್ತಿರುವಂತೆಯೇ ನೋಡುತ್ತ ಕುಳಿತರೆ, ಹನಿಯ ಅಂಚಿನಲ್ಲಿ ಇದ್ದಕ್ಕಿದ್ದಂತೆ ಒಂದು ಚಿಕ್ಕ ಚೌಕ ಮೂಡುವುದು. ಅದರ ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಅವು ಮೆಟ್ಟಿಲು ಮೆಟ್ಟಿಲಾಗಿ ಬೆಳೆದು, ನೀರಿಲ್ಲದ ಕಲ್ಯಾಣಿಯನ್ನು ಮೇಲಿನಿಂದ ನೋಡಿದಂತೆ ತೋರುವುವು. ಎಷ್ಟು ಸಲ ಮಾಡಿದರೂ ಚೌಕವೇ. ಯಾರೂ ಕಡೆದವರಿಲ್ಲ, ಅಳೆದವರಿಲ್ಲ. ಈ ಚೌಕದ ಗುಟ್ಟು ಏನೆಂಬುದನ್ನು ಮುಂದೆ ಹೇಳುವೆವು.

ಬಳಿಕ ಸಾಸಿವೆ. ಬರಿಯ ಕಣ್ಣಿಗೆ ನುಣುಪಾಗಿರುವ ಈ ಕಾಳು ಮಸೂರದ ಕೆಳಗೆ ಬಹು ನಯವಾದ ಬಲೆಯೊಂದನ್ನು ಹೊದ್ದುಕೊಂಡಿರುವಂತೆ ಕಾಣುವುದು. ಇದು ಬರಿಯ ಸೊಬಗಿನ ಮಾತಲ್ಲ. ಪಾಳುನೆಲಗಳಲ್ಲಿ ಹಳದಿ ಹೂ ಬಿಡುವ ಅರ್ಜಿಮೋನ್ ಎಂಬ ಮುಳ್ಳುಗಿಡದ ಬೀಜವು ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಸಾಸಿವೆಯನ್ನು ಹೋಲುವುದು. ಆದರೆ ಅದರ ಮೈ ಒರಟು, ಬಲೆಯ ಕಣ್ಣುಗಳು ದೊಡ್ಡವು. ಒತ್ತಿ ಒಡೆದರೆ ಸಾಸಿವೆಯ ಒಳಗು ಹಳದಿ, ಆ ಬೀಜದ ಒಳಗು ಬಿಳುಪು. ಈ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಸೇರಿದ ಕಾರಣ ೧೯೯೮ರಲ್ಲಿ ದಿಲ್ಲಿಯಲ್ಲಿ ಮೈ ಊದುವ ಬೇನೆ ಹರಡಿ ಅನೇಕರು ಪ್ರಾಣ ಕಳೆದುಕೊಂಡರು. ಕಾಳಾಗಿರುವಾಗ ಹತ್ತು ಪಾಲು ಹಿಗ್ಗಿಸುವ ಸಾಧಾರಣ ಮಸೂರವೇ ಹಿಡಿದುಕೊಡಬಲ್ಲ ಮೋಸವು, ಗಾಣದಿಂದ ಎಣ್ಣೆಯಾಗಿ ಇಳಿದ ಮೇಲೆ ಎಂತಹ ಸೂಕ್ಷ್ಮದರ್ಶಕಕ್ಕೂ ಕಾಣದಂತಾಗುವುದೆಂಬುದನ್ನು ವಾಚಕರು ಗಮನಿಸಬೇಕು.

ಅರಿಸಿನದಲ್ಲಿ ನಮಗೆ ಸ್ವಂತ ಅನುಭವವೇ ಆಯಿತು. ಕೊಂಬುಗಳನ್ನು ಮನೆಯಲ್ಲಿ ಕುಟ್ಟಿ ಮಾಡಿದ ಪುಡಿಯೊಂದು, ಪೇಟೆಯಿಂದ ಬಿಡಿಯಾಗಿ ತಂದ ಪುಡಿಯೊಂದು. ಎರಡನ್ನೂ ಒಂದೊಂದು ಹನಿ ನೀರಿನಲ್ಲಿ ಕದಡಿ ನೋಡಿದೆವು. ಅರಿಸಿನದ ಕೊಂಬನ್ನು ಕಿತ್ತ ಮೇಲೆ ಬೇಯಿಸಿ ಒಣಗಿಸುವುದು ವಾಡಿಕೆಯಷ್ಟೆ. ಬೆಂದಾಗ ಅದರೊಳಗಿನ ಪಿಷ್ಟವು ಗಂಜಿಯಂತೆ ಒಂದುಗೂಡಿ ಹಳದಿಯ ಮುದ್ದೆಗಳಾಗಿಬಿಡುವುದು. ಮನೆಯ ಪುಡಿಯಲ್ಲಿ ಕಂಡವು ಈ ಮುದ್ದೆಗಳೇ. ಪೇಟೆಯ ಪುಡಿಯಲ್ಲಾದರೋ ಮುದ್ದೆಗಳ ನಡುನಡುವೆ ಬಣ್ಣವಿಲ್ಲದ, ಮೂಲೆ ಮೂಲೆಯಾದ, ನಡುವೆ ಒಂದು ಚುಕ್ಕೆಯನ್ನುಳ್ಳ ಸಣ್ಣ ಕಾಳುಗಳು ಬೇಕಾದಷ್ಟಿದ್ದವು. ಇವು ಬೇಯದ ಪಿಷ್ಟದ ಕಾಳುಗಳು. ಆಕಾರವನ್ನು ನೋಡಿದರೆ ಮುಸುಕಿನ ಜೋಳದವು. ಬೆಳಕನ್ನು ಒಂದೇ ದಿಕ್ಕಿಗೆ ಕಂಪಿಸುವಂತೆ ಸೋಸುವ ಹಾಳೆಗಳೆರಡನ್ನು ಅಡ್ಡಡ್ಡವಾಗಿ ಇಟ್ಟು ಅವುಗಳ ನಡುವೆ ನೋಡಿದಾಗ, ಪ್ರತಿಯೊಂದು ಕಾಳಿನ ಮೇಲೆಯೂ ಒಂದು ಕಪ್ಪು ಶಿಲುಬೆ ಸ್ಪಷ್ಟವಾಗಿ ತೋರಿತು. ಬೆಂದ ಪಿಷ್ಟಕ್ಕೆ ಈ ಗುರುತು ಇರುವುದಿಲ್ಲ. ಅಂಗಡಿಯವನ ಹೆಸರನ್ನು ಇಲ್ಲಿ ಬರೆಯುವುದು ನಮ್ಮ ಉದ್ದೇಶವಲ್ಲ. ಅವನಿಗೂ ಯಾರು ಮಾರಿದರೋ! ಪಿಷ್ಟ ಕಂಡಲ್ಲೆಲ್ಲ ಮೋಸವೆಂದು ತಿಳಿಯಲೂ ಆಗದು. ಇಂಗಿನ ಪುಡಿಯಲ್ಲಿ ಹಿಟ್ಟನ್ನೂ ಗೋಂದನ್ನೂ ಸೇರಿಸಿ ಅದರ ಉಗ್ರತೆಯನ್ನು ಇಳಿಸುವುದು ಒಪ್ಪಿತವಾದ ಪದ್ಧತಿಯೇ. ಡಬ್ಬಿಯ ಮೇಲೆ ಅದನ್ನು ಬರೆದಿರುತ್ತಾರೆ.

ಹೀಗೆ ಆಕಾರದಿಂದ ಕಲಬೆರಕೆಯನ್ನು ಹಿಡಿಯುವ ವಿದ್ಯೆಗೆ ಹಿರಿಯ ಪರಂಪರೆಯೇ ಇದೆ. ೧೮೫೦ರ ಬಳಿಕ ಲಂಡನ್ನಿನಲ್ಲಿ ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯನು ಊರಿನ ಅಂಗಡಿಗಳಿಂದ ದಿನಬಳಕೆಯ ಪದಾರ್ಥಗಳನ್ನು ಕೊಳ್ಳಿಸಿ ತರಿಸಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಫಲಿತಾಂಶಗಳನ್ನು ವರ್ತಕರ ಹೆಸರುಗಳೊಡನೆ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಕಾಫಿಯಲ್ಲಿ ಚಿಕೋರಿ, ಸಾಸಿವೆಯ ಪುಡಿಯಲ್ಲಿ ಗೋಧಿಯ ಹಿಟ್ಟು, ಆ ಹಿಟ್ಟಿನ ಬಿಳುಪು ತಿಳಿಯದಿರಲೆಂದು ಅದಕ್ಕೆ ಅರಿಸಿನ! ನಮ್ಮ ಮಂಗಳದ್ರವ್ಯವು ಅಲ್ಲಿ ಮೋಸದ ಮುಸುಕಾಗಿತ್ತು. ಈ ಪ್ರಕಟಣೆಗಳಿಂದ ಉಂಟಾದ ಕೋಲಾಹಲವೇ ೧೮೬೦ರಲ್ಲಿ ಬ್ರಿಟನ್ನಿನ ಮೊದಲ ಕಲಬೆರಕೆ ನಿರೋಧದ ಕಾನೂನಿಗೆ ದಾರಿಮಾಡಿತು.

ಕಡೆಯಲ್ಲಿ ಒಣಮೆಣಸಿನಕಾಯಿ. ಬ್ಯಾಡಗಿಯ ಕಾಯಿಯೊಂದನ್ನೂ ಗುಂಟೂರಿನ ಕಾಯಿಯೊಂದನ್ನೂ ಪುಡಿಮಾಡಿ ಅಕ್ಕಪಕ್ಕದಲ್ಲಿಟ್ಟೆವು. ಎರಡರಲ್ಲಿಯೂ ಸಿಪ್ಪೆಯ ಕೋಶಗಳು, ಅವುಗಳಲ್ಲಿ ಮಾಣಿಕ್ಯದಂತೆ ಹೊಳೆಯುವ ಕೆಂಪು ಎಣ್ಣೆಯ ಬಿಂದುಗಳು, ಬೀಜದ ಹೊದಿಕೆಯ ದಪ್ಪಗೋಡೆಯ ಕೋಶಗಳು. ಬ್ಯಾಡಗಿಯದು ಬಣ್ಣಕ್ಕೆ ಹೆಸರಾದುದು, ಖಾರ ಕಡಿಮೆ. ಗುಂಟೂರಿನದು ಖಾರಕ್ಕೆ ಹೆಸರಾದುದು. ನಮ್ಮ ಮನೆಯ ಅಜ್ಜಿಯವರು ಕನ್ನಡಕವನ್ನು ತೆಗೆದಿಟ್ಟು ಬಹಳ ಹೊತ್ತು ಎರಡನ್ನೂ ನೋಡಿ, "ಚೆಂದವೇನೋ ಇದೆ, ಆದರೆ ಇದರಲ್ಲಿ ಖಾರ ಎಲ್ಲಿದೆಯಪ್ಪಾ?" ಎಂದು ಕೇಳಿದರು. ನಾವು ಹಿಗ್ಗಿಸುವ ಶಕ್ತಿಯನ್ನು ನೂರರಿಂದ ನಾನೂರಕ್ಕೆ ಏರಿಸಿದೆವು. ಖಾರ ಕಾಣಲಿಲ್ಲ. ನಾಲಗೆ ಕ್ಷಣಮಾತ್ರದಲ್ಲಿ ಹೇಳುವ ಭೇದವನ್ನು ಯಂತ್ರವು ಹೇಳಲಾರದೆ ಹೋಯಿತು. ಡೆಲ್ಫ್ಟಿನ ವ್ಯಾಪಾರಿಯೂ ನಮ್ಮ ಅಜ್ಜಿಯವರೂ ಒಂದೇ ಪ್ರಶ್ನೆಯ ಮುಂದೆ ನಿಂತಂತಾಯಿತು.

"ಇನ್ನೂ ದೊಡ್ಡದು ಮಾಡಿದರೆ ಕಾಣುವುದಿಲ್ಲವೇ?" ಎಂದು ಹುಡುಗರು ಕೇಳುವುದು ಸಹಜ. ನಾನೂರು ಪಾಲು ಸಾಲದಾದರೆ ನಾಲ್ಕು ಸಾವಿರ. ಅದೂ ಸಾಲದಾದರೆ ನಾಲ್ಕು ಲಕ್ಷ! ಮಸೂರವನ್ನು ಉಜ್ಜುವ ಜಾಣ್ಮೆಯೊಂದಿದ್ದರೆ ಮುಗಿಯಿತು ಎಂದು ಹಿಂದಿನ ವಿದ್ವಾಂಸರಲ್ಲಿಯೂ ಅನೇಕರು ನಂಬಿದ್ದರು. ಅದು ಹಾಗಲ್ಲವೆಂದು ತೋರಿಸಿಕೊಟ್ಟವನು ಜರ್ಮನಿಯ ಯೇನಾ ಪಟ್ಟಣದ ಅರ್ನ್‌ಸ್ಟ್ ಆಬೆ. ಕಾರ್ಲ್ ಜೈಸ್ ಎಂಬವನ ಕಾರ್ಖಾನೆಗೆ ಉತ್ತಮ ಸೂಕ್ಷ್ಮದರ್ಶಕಗಳನ್ನು ಯೋಜಿಸುತ್ತಿದ್ದ ಈತನು ೧೮೭೩ರಲ್ಲಿ, ಎಷ್ಟೇ ನಿರ್ದೋಷವಾದ ಮಸೂರವಾದರೂ ಬೆಳಕಿನ ಅಲೆಯುದ್ದದ ಸುಮಾರು ಅರ್ಧಕ್ಕಿಂತ ಸಮೀಪದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲಾರದೆಂದು ನಿರ್ಣಯಿಸಿದನು. ಆ ಸೂತ್ರವನ್ನು ಯೇನಾದಲ್ಲಿ ಅವನ ಸ್ಮಾರಕದ ಕಲ್ಲಿನ ಮೇಲೆ ಕೆತ್ತಿರುತ್ತಾರೆ.

ಇದನ್ನು ಅಂಗಳದ ರಂಗೋಲಿಯಿಂದ ತಿಳಿಯಬಹುದು. ರಂಗೋಲಿಯ ಚುಕ್ಕೆಯನ್ನು ಎಷ್ಟು ಸೂಕ್ಷ್ಮವಾಗಿ ಇಟ್ಟರೂ ಅದು ಗಣಿತದ ಬಿಂದುವಾಗದು; ಪುಡಿ ಉದುರಿ ಒಂದು ಸಣ್ಣ ಬಟ್ಟಾಗುವುದು. ಎರಡು ಚುಕ್ಕೆಗಳನ್ನು ದೂರ ದೂರ ಇಟ್ಟರೆ ಎರಡೆಂದು ತಿಳಿಯುವುದು. ಹತ್ತಿರ ಹತ್ತಿರಕ್ಕೆ ತಂದಂತೆ ಬಟ್ಟುಗಳು ಒಂದರ ಮೇಲೊಂದು ಬಿದ್ದು ಒಂದೇ ಚುಕ್ಕೆಯಾಗಿಬಿಡುವುವು. ಆ ಮೇಲೆ ಆ ರಂಗೋಲಿಯ ಚಿತ್ರವನ್ನು ಗೋಡೆಯಷ್ಟು ದೊಡ್ಡದಾಗಿ ಹಿಗ್ಗಿಸಿದರೂ ಗೋಡೆಯಷ್ಟು ದೊಡ್ಡದಾದ ಒಂದೇ ಚುಕ್ಕೆ ದೊರೆಯುವುದಲ್ಲದೆ ಎರಡು ದೊರೆಯಲಾರವು. ಬೆಳಕು ಅಲೆಗಳ ರೂಪದಲ್ಲಿ ಸಾಗುವುದರಿಂದ ಮಸೂರವು ಬರೆಯುವ ಪ್ರತಿಯೊಂದು ಬಿಂದುವೂ ಇಂತಹ ಬಟ್ಟೇ ಆಗಿರುವುದು. ಅದರ ಅಗಲವನ್ನು ಗೊತ್ತುಮಾಡುವುದು ಮುಖ್ಯವಾಗಿ ಅಲೆಯ ಉದ್ದ.

ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೇರಳೆಯ ಅಲೆಯುದ್ದ ಸುಮಾರು ೦.೪ ಮೈಕ್ರಾನ್, ಕೆಂಪಿನದು ಸುಮಾರು ೦.೭ ಮೈಕ್ರಾನ್. ಮಸೂರಕ್ಕೂ ವಸ್ತುವಿಗೂ ನಡುವೆ ಎಣ್ಣೆಯ ಹನಿಯನ್ನಿಟ್ಟು, ಅತ್ಯುತ್ತಮವಾದ ಮಸೂರದಿಂದ ಹಸಿರು ಬೆಳಕಿನಲ್ಲಿ ನೋಡಿದರೆ ದೊರೆಯುವ ಎಲ್ಲೆ ಸುಮಾರು ೦.೨ ಮೈಕ್ರಾನ್, ಎಂದರೆ ಮಿಲಿಮೀಟರಿನ ಐದು ಸಾವಿರದ ಒಂದು ಪಾಲು. ಸಾವಿರ ಸಾವಿರದೈನೂರು ಪಾಲು ಹಿಗ್ಗಿಸುವಷ್ಟರಲ್ಲಿ ಬೆಳಕು ಹೇಳಬಲ್ಲುದೆಲ್ಲ ಮುಗಿದುಹೋಗುವುದು. ಅದರ ಮೇಲಿನ ಹಿಗ್ಗುವಿಕೆ ಹಿಟ್ಟಿಗೆ ನೀರು ಹೊಯ್ದಂತೆ. ಪಾತ್ರೆ ತುಂಬುವುದು, ಹಿಟ್ಟು ಹೆಚ್ಚುವುದಿಲ್ಲ.

ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಎಲ್ಲೆಗಿಂತ ಚಿಕ್ಕದಾದ ವಸ್ತು ಕಾಣುವುದೇ ಇಲ್ಲವೆಂದು ಅರ್ಥವಲ್ಲ. ಬೆಳಕಿಂಡಿಯಿಂದ ಬಿಸಿಲು ಕೋಲಾಗಿ ಇಳಿಯುವಾಗ ಅದರಲ್ಲಿ ತೇಲುವ ಧೂಳಿನ ಕಣಗಳನ್ನು ನಾವೆಲ್ಲರೂ ನೋಡಿರುವೆವು. ನಮ್ಮ ಪೂರ್ವಿಕರು ಅಂತಹ ಕಣವನ್ನು ತ್ರಸರೇಣುವೆಂದು ಕರೆದು, ಕಣ್ಣಿಗೆ ಕಾಣುವ ಅಳತೆಗಳಲ್ಲಿ ಅದನ್ನೇ ಮೊದಲನೆಯದಾಗಿ ಎಣಿಸಿದ್ದರು. ಕಣ ಇದೆಯೆಂದು ಅದರ ಮಿನುಗಿನಿಂದ ತಿಳಿಯುವುದು. ಅದು ದುಂಡೋ ಚೌಕವೋ, ಹತ್ತಿಯ ಎಳೆಯೋ ಮಣ್ಣೋ ತಿಳಿಯದು. ಸೂಕ್ಷ್ಮದರ್ಶಕದ ಎಲ್ಲೆಯಲ್ಲಿಯೂ ಹಾಗೆಯೇ. ಇರುವಿಕೆ ತಿಳಿದೀತು, ಆಕಾರ ತಿಳಿಯಲಾರದು.

ಆದರೆ ಅಡುಗೆಮನೆಯಲ್ಲಿ ನಮಗೆ ಬೇಕಾದ ಬಹುಮುಖ್ಯ ಸಂಗತಿಗಳು ಈ ಎಲ್ಲೆಗಿಂತ ಕೆಳಗೇ ಅಡಗಿರುವುವು. ಉಪ್ಪಿನ ಚೌಕದ ಗುಟ್ಟನ್ನು ನೋಡಿರಿ. ೧೯೧೩ರಲ್ಲಿ ವಿಲಿಯಂ ಬ್ರ್ಯಾಗ್ ಮತ್ತು ಅವರ ಮಗ ಲಾರೆನ್ಸ್ ಬ್ರ್ಯಾಗ್ ಇವರು, ಬೆಳಕಿಗಿಂತ ಸಾವಿರಾರು ಪಾಲು ಗಿಡ್ಡ ಅಲೆಯ ಕ್ಷ-ಕಿರಣಗಳನ್ನು ಉಪ್ಪಿನ ಹರಳಿನ ಮೇಲೆ ಹಾಯಿಸಿ, ಅದರಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಕಣಗಳು ಪಗಡೆಯ ಹಾಸಿನ ಮನೆಗಳಂತೆ ಒಂದು ಬಿಟ್ಟು ಒಂದಾಗಿ ಸಾಲುಗಟ್ಟಿರುವುದನ್ನು ಕಂಡುಹಿಡಿದರು. ಒಳಗೆ ಚೌಕದ ಜೋಡಣೆಯಿರುವುದರಿಂದಲೇ ಹೊರಗೆ ಚೌಕದ ಆಕಾರ. ಬೆಳಕಿನ ಕಣ್ಣಿಗೆ ಎಟುಕುವ ಅತಿ ಕಿರಿದಾದ ಅಂತರದಲ್ಲಿಯೂ ಇಂತಹ ಕಣಗಳು ಸುಮಾರು ೭೦೦ ಸಾಲಾಗಿ ನಿಂತಿರುತ್ತವೆ. ಉಪ್ಪಿಗೆ ಸೇರಿಸುವ ಅಯೊಡಿನ್ ಅಂಶವೂ ಹೀಗೆಯೇ. ಗಂಡಮಾಲೆಯಿಂದ ನಮ್ಮ ಮಕ್ಕಳನ್ನು ಕಾಯುವ ಆ ಉಪಕಾರಿಯನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ ಸಿಕ್ಕಲಾರದು.

ಉಪಕಾರಿ ಅಡಗಿರುವಂತೆಯೇ ವಿಷವೂ ಅಡಗಬಲ್ಲುದು. ಒಣಮೆಣಸಿನ ಪುಡಿಯಲ್ಲಿ ಇಟ್ಟಿಗೆಯ ಪುಡಿಯಿದ್ದರೆ ಅದರ ಮಬ್ಬಾದ ಚೂಪು ತುಣುಕುಗಳು ಮಸೂರಕ್ಕೆ ಸಿಕ್ಕಿಬೀಳುವುವು. ಆದರೆ ಮೇಣ, ಎಣ್ಣೆಗಳಿಗೆ ಬಣ್ಣ ಕೊಡುವ ಸೂಡಾನ್ ಎಂಬ ಕೃತಕ ವರ್ಣವು ಎಣ್ಣೆಯ ಬಿಂದುಗಳಲ್ಲಿಯೇ ಕರಗಿ ಕುಳಿತುಬಿಡುವುದು. ಕೆಂಪಿನೊಳಗಿನ ಕೆಂಪನ್ನು ಕಣ್ಣು ಬೇರ್ಪಡಿಸುವುದೆಂತು? ೨೦೦೫ರಲ್ಲಿ ಇಂತಹ ಪುಡಿಯೊಂದರಿಂದಾಗಿ ಬ್ರಿಟನ್ನಿನಲ್ಲಿ ನಾನೂರಕ್ಕೂ ಹೆಚ್ಚು ಬಗೆಯ ಆಹಾರಗಳನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು.

ಇದಕ್ಕಿಂತಲೂ ಘೋರವಾದುದು ಅರಿಸಿನದ ಕಥೆ. ಬಾಂಗ್ಲಾದೇಶದಲ್ಲಿ ೧೯೮೦ರ ದಶಕದ ನೆರೆಗಳಲ್ಲಿ ನೆನೆದು ಕಳೆಗುಂದಿದ ಕೊಂಬುಗಳಿಗೆ ಹೊಳಪು ಬರಿಸಲು ಕೆಲವರು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಸವರತೊಡಗಿದರು; ಅನಂತರ ಅದೇ ರೂಢಿಯಾಯಿತು. ಸೀಸವು ಮೆಲ್ಲಗೆ ಮೈಸೇರುವ ವಿಷ. ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅದು ಕುಗ್ಗಿಸುವುದು. ಇಷ್ಟಾದರೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಅದಕ್ಕಿಲ್ಲ. ಅಲ್ಲಿನ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸವಿರುವುದನ್ನು ಕಂಡ ಸಂಶೋಧಕರು ಅದರ ಜಾಡನ್ನು ಹಿಡಿದು ಹೋಗಿ ಮುಟ್ಟಿದುದು ಅಡುಗೆಮನೆಯ ಅರಿಸಿನದ ಡಬ್ಬಿಗೆ. ಬಣ್ಣದ ಧೂಳಿನ ಕಣಗಳು ಬೆಳಕಿನ ಎಲ್ಲೆಯ ಆಸುಪಾಸಿನಷ್ಟು ಸಣ್ಣವು, ಹಳದಿಯೊಳಗೆ ಹಳದಿ. ಅವುಗಳನ್ನು ಹಿಡಿದುಕೊಟ್ಟದ್ದು ಕೈಯಲ್ಲಿ ಹಿಡಿಯಬಹುದಾದ ಕ್ಷ-ಕಿರಣದ ಯಂತ್ರ. ಆ ಕಿರಣ ತಾಗಿದಾಗ ಸೀಸವು ತನಗೇ ವಿಶಿಷ್ಟವಾದ ಕಿರಣವನ್ನು ಹೊರಸೂಸಿ ತನ್ನ ಹೆಸರನ್ನು ತಾನೇ ಹೇಳಿಬಿಡುವುದು. ೨೦೧೯ರಲ್ಲಿ ಅಧಿಕಾರಿಗಳು ಢಾಕಾ ನಗರದ ಸಗಟು ಪೇಟೆಯಲ್ಲಿ ಈ ಯಂತ್ರದಿಂದಲೇ ಪರೀಕ್ಷಿಸಿ ತಪ್ಪಿತಸ್ಥರಿಗೆ ದಂಡ ವಿಧಿಸಿದರು. ಜನರಿಗೂ ತಿಳಿವಳಿಕೆ ನೀಡಿದರು. ೨೦೧೯ರಲ್ಲಿ ಪೇಟೆಯ ಮಾದರಿಗಳಲ್ಲಿ ನೂರಕ್ಕೆ ೪೭ರಲ್ಲಿ ಸೀಸವಿದ್ದುದು ೨೦೨೧ರ ಹೊತ್ತಿಗೆ ಒಂದರಲ್ಲಿಯೂ ಸಿಕ್ಕದಂತಾಯಿತು. ಕಾಣದುದನ್ನು ಕಾಣುವ ಉಪಾಯವೂ ಕಂಡುದಕ್ಕೆ ತಕ್ಕ ಕ್ರಮವೂ ಒಂದಾದರೆ ಏನು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಬೆಳಕಿನ ಎಲ್ಲೆಯೆಂದರೆ ಜ್ಞಾನದ ಎಲ್ಲೆಯಲ್ಲವೆಂಬುದು ಇದರಿಂದ ತಿಳಿಯುವುದು. ಬೆಳಕಿನಿಂದಲೇ ಆಕಾರವನ್ನು ಬಿಟ್ಟು ಬೇರೆ ಸುದ್ದಿಯನ್ನು ಕೇಳಬಹುದು. ಸಿ. ವಿ. ರಾಮನ್ನರು ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮವು ಇಂತಹುದು. ಒಂದೇ ಬಣ್ಣದ ಬೆಳಕು ಅಣುಗಳಿಗೆ ತಾಗಿ ಚೆದರುವಾಗ ಅದರಲ್ಲಿ ಅತ್ಯಲ್ಪ ಭಾಗವು ಬಣ್ಣವನ್ನು ಬದಲಿಸಿಕೊಳ್ಳುವುದು. ಬದಲಾವಣೆ ಎಷ್ಟೆಂಬುದು ಅಣುವಿನಿಂದ ಅಣುವಿಗೆ ಬೇರೆ. ೧೯೩೩ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿಯೇ ೧೯೭೦ರಲ್ಲಿ ಕಾಲವಾದ ಆ ಮಹನೀಯರ ವಿದ್ಯೆಯಿಂದ ಇಂದು ಪ್ರಯೋಗಶಾಲೆಗಳಲ್ಲಿ ಮೆಣಸಿನ ಪುಡಿಯ ಸೂಡಾನ್ ಬಣ್ಣವನ್ನೂ ಅರಿಸಿನದ ಕೃತಕ ಹಳದಿಯನ್ನೂ ಗುರುತಿಸುತ್ತಾರೆ. ಇನ್ನು ಕೆಲವರು ಅಣುಗಳನ್ನು ಒಂದೊಂದಾಗಿ ಮಿನುಗುವಂತೆ ಮಾಡಿ, ಆಬೆಯ ಎಲ್ಲೆಯನ್ನೇ ಉಪಾಯವಾಗಿ ದಾಟಿದರು. ರಂಗೋಲಿಯ ಚುಕ್ಕೆಗಳನ್ನು ಒಂದೇ ಸಲ ಇಡದೆ, ಒಂದನ್ನಿಟ್ಟು ಅದರ ನಡುವನ್ನು ಗುರುತುಹಾಕಿ ಅಳಿಸಿ, ಬಳಿಕ ಇನ್ನೊಂದನ್ನು ಇಟ್ಟಂತೆ. ಇಂತಹ ಉಪಾಯಗಳಿಗಾಗಿ ೨೦೧೪ರ ನೊಬೆಲ್ ಬಹುಮಾನವನ್ನು ಮೂವರು ವಿಜ್ಞಾನಿಗಳಿಗೆ ಕೊಟ್ಟರು. ಬೆಳಕನ್ನೇ ಬಿಟ್ಟು, ಅದಕ್ಕಿಂತ ಲಕ್ಷ ಪಾಲು ಗಿಡ್ಡ ಅಲೆಯ ಎಲೆಕ್ಟ್ರಾನುಗಳಿಂದ ನೋಡುವ ಯಂತ್ರವನ್ನು ಬರ್ಲಿನ್ನಿನಲ್ಲಿ ನೋಲ್ ಮತ್ತು ರುಸ್ಕ ಎಂಬವರು ೧೯೩೧ರಲ್ಲಿಯೇ ತೊಡಗಿದ್ದರು.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಎಂಬ ದ್ರವ್ಯವನ್ನು ೧೮೧೯ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿಯು ಬೇರ್ಪಡಿಸಿದನು. ಒಣಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್ ಎಂಬುದರದು. ಇವುಗಳ ಅಣುಗಳು ಬೆಳಕಿನ ಎಲ್ಲೆಗಿಂತ ಸುಮಾರು ನೂರು ಪಾಲು ಚಿಕ್ಕವು. ಇವು ನಾಲಗೆಯನ್ನು ಚುಚ್ಚುವುದಿಲ್ಲ. ಒಂದು ಬಾಗಿಲನ್ನು ತೆರೆಯುತ್ತವೆ. ೧೯೯೭ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು, ನರಗಳ ಹೊರಪೊರೆಯಲ್ಲಿ ಇರುವ ಪ್ರೋಟೀನಿನ ಈ ಬಾಗಿಲನ್ನು ಕಂಡುಹಿಡಿದರು. ಸುಮಾರು ೪೩ ಡಿಗ್ರಿಗಿಂತ ಹೆಚ್ಚಾದ ಶಾಖ ತಾಗಿದಾಗ ತೆರೆದುಕೊಂಡು ಸುಡುತ್ತಿದೆಯೆಂದು ಮಿದುಳಿಗೆ ಸುದ್ದಿ ಕಳುಹಿಸುವುದು ಅದರ ಕೆಲಸ. ಖಾರದ ಅಣು ಹೋಗಿ ಕುಳಿತಾಗಲೂ ಅದೇ ಬಾಗಿಲು ತೆರೆಯುವುದು. "ಬಾಯಿ ಉರಿಯುತ್ತದೆ" ಎಂದು ನಮ್ಮ ಜನರು ಹೇಳುತ್ತ ಬಂದುದು ಬರಿಯ ಅಲಂಕಾರವಲ್ಲ, ಯಥಾರ್ಥವೇ ಆಯಿತು. ೨೦೧೩ರಲ್ಲಿ ಜೂಲಿಯಸ್ ಮತ್ತು ಯಿಫಾನ್ ಚೆಂಗ್ ಇವರ ತಂಡಗಳು ಹೆಪ್ಪುಗಟ್ಟಿಸಿದ ಆ ಪ್ರೋಟೀನನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿ, ಬಾಗಿಲು ಮುಚ್ಚಿರುವ ರೂಪವನ್ನೂ ಮೆಣಸಿನ ಖಾರದಿಂದ ತೆರೆದಿರುವ ರೂಪವನ್ನೂ ಪ್ರಕಟಿಸಿದವು. ಜೂಲಿಯಸ್ಸರಿಗೆ ೨೦೨೧ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ಮಸೂರವನ್ನು ಹಿಡಿದು ೧೬೭೬ರಲ್ಲಿ ಕೇಳಿದ ಪ್ರಶ್ನೆಗೆ ಕಣ್ಣಿಗೆ ತೋರುವ ಉತ್ತರವು ೨೦೧೩ರಲ್ಲಿ ದೊರೆಯಿತೆಂದರೆ, ನಡುವೆ ೩೩೭ ವರ್ಷಗಳು.

ಇದರಿಂದ ಗೃಹಸ್ಥರಾದ ನಾವು ತಿಳಿಯತಕ್ಕುದೇನು? ಮಸೂರವು ಬಹು ಉಪಯುಕ್ತವಾದುದು. ಹತ್ತು ಪಾಲು ಹಿಗ್ಗಿಸುವ ಕೈಮಸೂರವೊಂದು ಪ್ರತಿ ಮನೆಯಲ್ಲಿಯೂ ಇದ್ದರೆ ಒಳ್ಳೆಯದು. ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ೨೦೧೪ರಲ್ಲಿ ಪ್ರಕಟಿಸಿದ ಕಾಗದದ ಸೂಕ್ಷ್ಮದರ್ಶಕವು ೧೪೦ ಪಾಲು ಹಿಗ್ಗಿಸುವುದು, ಮಡಿಸಿ ಪುಸ್ತಕದಲ್ಲಿಡಬಹುದು, ಪಿಷ್ಟದ ಕಾಳುಗಳನ್ನು ಮಕ್ಕಳಿಗೆ ತೋರಿಸ ಬೇಕಾದರೆ ಅಷ್ಟು ಸಾಕು. ಕಾಳುಗಳನ್ನು ಇಡಿಯಾಗಿ ಕೊಂಡು ಮನೆಯಲ್ಲಿ ಪುಡಿಮಾಡಿದರೆ ಆಕಾರದ ಸಾಕ್ಷಿ ನಮ್ಮ ಕೈಯಲ್ಲಿಯೇ ಉಳಿಯುವುದು. ಒಂದು ಲೋಟ ನೀರಿಗೆ ಒಂದು ಚಮಚ ಅರಿಸಿನವನ್ನು ಹಾಕಿ ಅಲುಗಿಸದೆ ಬಿಟ್ಟರೆ, ಅದರ ಸಹಜವಾದ ಬಣ್ಣ ನೀರಿನಲ್ಲಿ ಸುಲಭವಾಗಿ ಕರಗದಾದ ಕಾರಣ ಪುಡಿ ತಳಕ್ಕಿಳಿದು ನೀರು ತಿಳಿ ಹಳದಿಯಾಗಿರುವುದು. ನೀರು ಗಾಢವಾದ ಹಳದಿಗೆ ತಿರುಗಿದರೆ ಸಂಶಯಪಡತಕ್ಕುದು. ಆದರೆ ಈ ಪರೀಕ್ಷೆಗಳಲ್ಲಿ ಪಾರಾದ ಮಾತ್ರಕ್ಕೆ ಪದಾರ್ಥವು ಶುದ್ಧವೆಂದು ನಿಶ್ಚಯಿಸಲಾಗದು. ಸೀಸದ ಬಣ್ಣವನ್ನು ಇಡೀ ಕೊಂಬಿಗೇ ಸವರುತ್ತಿದ್ದರೆಂಬುದನ್ನು ಮರೆಯಬಾರದು. ಅತಿಯಾಗಿ ಹೊಳೆಯುವ ಕೊಂಬಿಗಿಂತ ಮಂಕಾದ ಕೊಂಬೇ ಮೇಲು. ಬಣ್ಣವನ್ನು ನೋಡಿ ಬೆಲೆ ಕೊಡುವ ನಮ್ಮ ಅಭ್ಯಾಸವೇ ಬಣ್ಣ ಹಚ್ಚುವವನಿಗೆ ಬಂಡವಾಳವಲ್ಲವೆ? ಮನೆಯ ಕಣ್ಣಿಗೆ ನಿಲುಕದುದನ್ನು ನೋಡುವ ಹೊಣೆ ಸರ್ಕಾರದ ಪ್ರಯೋಗಶಾಲೆಗಳದು. ಅವು ಆ ಕೆಲಸವನ್ನು ತಪ್ಪದೆ ಮಾಡುವಂತೆ ಕೇಳುವ ಹೊಣೆ ನಮ್ಮದು.

ಎರಡು ದಿನ ಕಳೆದು ಸೂಕ್ಷ್ಮದರ್ಶಕವನ್ನು ಶಾಲೆಗೆ ಹಿಂದಕ್ಕೆ ಕೊಡುವ ಮುನ್ನ ಅಜ್ಜಿಯವರಿಗೆ ಈ ವಿಷಯವನ್ನೆಲ್ಲ ವಿವರಿಸಿದೆವು. ಖಾರವೆಂಬುದು ಬೆಳಕಿಗೂ ಸಿಕ್ಕದಷ್ಟು ಸಣ್ಣದೆಂದು ಕೇಳಿ ಅವರು ನಕ್ಕು, "ಹಾಗಾದರೆ ನಾಲಗೆಯೇ ದೊಡ್ಡ ಯಂತ್ರವಾಯಿತು" ಎಂದರು. ಖಾರದ ಮಟ್ಟಿಗೆ ಆ ಮಾತು ನಿಜ. ಸೀಸದ ಮಟ್ಟಿಗೆ ಮಾತ್ರ ನಾಲಗೆಯೂ ಸುಮ್ಮನಿರುವುದು, ಕಣ್ಣೂ ಸುಮ್ಮನಿರುವುದು. ಪೇಟೆಯಿಂದ ತಂದ ಆ ಪುಡಿಯನ್ನು ನಾವು ಒಲೆಯ ಬಳಿಗೆ ತರದೆ ಹೊರಗೆ ಹಾಕಿದೆವು. ಈಗ ಕೊಂಬುಗಳನ್ನು, ಅದರಲ್ಲಿಯೂ ಮಂಕಾದವನ್ನು ಆರಿಸಿ, ಮನೆಯಲ್ಲಿಯೇ ಕುಟ್ಟುತ್ತಿರುವೆವು.